ವಾಲ್ಡನ್ ಎಂಬ ಆಟವೂ ಚೆಂಡಿಯಾದ ಕಾಡೂ

ವಿಡಿಯೋ ಗೇಮ್ ಎಂಬ ಮಾತು ಕಿವಿಗೆ ಬಿದ್ದೊಡನೆ ಮನೆಯ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಗುಂಡಿನ ಸದ್ದು, ಬೆನ್ನಟ್ಟುವ ವಾಹನಗಳು, ರಾತ್ರಿ ಎರಡು ಗಂಟೆಯಾದರೂ ಆರದ ಮೊಬೈಲಿನ ಬೆಳಕು ಇವೇ ಕಣ್ಮುಂದೆ ಬರುತ್ತವೆ. ಈ ಕಳವಳಕ್ಕೆ ಕಾರಣವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯ 11ನೆಯ ಪರಿಷ್ಕರಣೆಯಲ್ಲಿ ಆಟದ ವ್ಯಸನವನ್ನು ಒಂದು ವ್ಯಾಧಿಯೆಂದೇ ಸೇರಿಸಿದೆ. 2019ರಲ್ಲಿ ಅಂಗೀಕಾರವಾದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ರೆ ಓದುಗಳಿಗಿಂತ ಆಟವೇ ಮೇಲಾಗುವುದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರುವುದು, ಈ ಸ್ಥಿತಿ ಸಾಮಾನ್ಯವಾಗಿ ಒಂದು ವರ್ಷ ಮುಂದುವರಿಯುವುದು ಅದರ ಲಕ್ಷಣಗಳು. ಆದರೆ ಈ ಸಂಚಿಕೆಯಲ್ಲಿ ನಾವು ಬರೆಯಹೊರಟಿರುವುದು ಬೇರೊಂದು ಬಗೆಯ ಆಟದ ವಿಚಾರ. ಅದರಲ್ಲಿ ಗುಂಡಿಲ್ಲ, ಶತ್ರುವಿಲ್ಲ, ಅವಸರವಂತೂ ಇಲ್ಲವೇ ಇಲ್ಲ.

ಆಟದ ಹೆಸರು ‘ವಾಲ್ಡನ್’. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಯೋಗಶಾಲೆಯೊಂದರಲ್ಲಿ ಟ್ರೇಸಿ ಫುಲ್ಲರ್ಟನ್ ಎಂಬ ಪ್ರಾಧ್ಯಾಪಕಿಯ ನೇತೃತ್ವದಲ್ಲಿ ಸುಮಾರು ಹತ್ತು ವರ್ಷಗಳ ಕೆಲಸದಿಂದ ಅದು ಸಿದ್ಧವಾಯಿತು. 2017ರ ಜುಲೈ 4ರಂದು ಬಿಡುಗಡೆಯಾಯಿತು. ಹೆನ್ರಿ ಡೇವಿಡ್ ಥೋರೋ ಹುಟ್ಟಿ ಇನ್ನೂರು ವರ್ಷ ತುಂಬಿದ್ದು ಅದೇ ತಿಂಗಳು. ದಿನಾಂಕಕ್ಕೆ ಇನ್ನೊಂದು ಕಾರಣವೂ ಇದೆ. 1845ರ ಜುಲೈ 4ರಂದೇ ಥೋರೋ ಮ್ಯಾಸಚೂಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ ಬಳಿಯ ವಾಲ್ಡನ್ ಕೊಳದ ದಡಕ್ಕೆ ವಾಸಕ್ಕೆ ಹೋದುದು. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದದ ಗುಡಿಸಲನ್ನು ತಾನೇ ಕಟ್ಟಿಕೊಂಡ; ತಗುಲಿದ ವೆಚ್ಚ ಇಪ್ಪತ್ತೆಂಟು ಡಾಲರು ಹನ್ನೆರಡೂವರೆ ಸೆಂಟು. ಎರಡೂವರೆ ಎಕರೆಯಷ್ಟು ನೆಲದಲ್ಲಿ ಹುರುಳಿಯಂಥ ಕಾಳನ್ನು ಬೆಳೆದ. ಎರಡು ವರ್ಷ, ಎರಡು ತಿಂಗಳು, ಎರಡು ದಿನ ಅಲ್ಲಿದ್ದು ಊರಿಗೆ ಹಿಂದಿರುಗಿದ. ಆ ಅನುಭವದ ಗ್ರಂಥ 1854ರಲ್ಲಿ ಹೊರಬಂತು. ಥೋರೋವಿನ ಇನ್ನೊಂದು ಬರಹ, ಅನ್ಯಾಯದ ಸರಕಾರಕ್ಕೆ ಸಹಕರಿಸದಿರುವುದನ್ನು ಕುರಿತದ್ದು, ಗಾಂಧೀಜಿಯವರ ಕೈಸೇರಿದ ಕಥೆ ನಮ್ಮ ಓದುಗರಿಗೆ ತಿಳಿದದ್ದೇ. 1930ರಲ್ಲಿ ಅಂಕೋಲೆಯ ಕಡಲದಂಡೆಯಲ್ಲಿ ಉಪ್ಪಿನ ಕಾನೂನು ಮುರಿದ ನಮ್ಮ ಹಿರಿಯರಿಗೆ ಆ ಹೆಸರು ಪರಿಚಯವಿತ್ತೋ ಇಲ್ಲವೋ, ಅದರ ಗಾಳಿಯಂತೂ ಇಲ್ಲಿಯವರೆಗೆ ಬೀಸಿತ್ತು.

ಆಟದಲ್ಲಿ ಆಡುವವನೇ ಥೋರೋ. ಒಂದು ವರ್ಷದ ಋತುಗಳು ಸುಮಾರು ಆರು ಗಂಟೆಯ ಆಟದಲ್ಲಿ ಸಾಗುತ್ತವೆ. ಆಹಾರ, ಉರುವಲು, ವಸತಿ, ಬಟ್ಟೆ ಎಂಬ ನಾಲ್ಕನ್ನು ನೋಡಿಕೊಳ್ಳಬೇಕು. ಕಾಡಿನ ಹಣ್ಣು ಆರಿಸಬೇಕು, ಕಾಳು ಬಿತ್ತಬೇಕು, ಸೌದೆ ಸೀಳಬೇಕು, ಹರಿದ ಅಂಗಿಗೆ ತೇಪೆ ಹಾಕಬೇಕು, ಚಳಿ ಬರುವುದರೊಳಗೆ ಗುಡಿಸಲು ಮುಗಿಸಬೇಕು. ಮೀನು ಹಿಡಿಯುವ ಅವಕಾಶವೂ ಇದೆ; ಆದರೆ ಮಾಂಸಾಹಾರದ ಬಗೆಗೆ ಥೋರೋವಿಗೆ ಒಳಗೇ ಅಸಮಾಧಾನವಿತ್ತೆಂಬುದನ್ನು ಆ ಗ್ರಂಥ ಓದಿದವರು ಬಲ್ಲರು. ಇವನ್ನೆಲ್ಲ ಕಡೆಗಣಿಸಿದರೆ ಆಟಗಾರ ಬಳಲಿ ಮೂರ್ಛೆ ಹೋಗುತ್ತಾನೆ. ಇಷ್ಟೇ ಆಗಿದ್ದರೆ ನಾವು ಇದನ್ನು ಆರೋಗ್ಯದ ಪುಟಕ್ಕೆ ತರುತ್ತಿರಲಿಲ್ಲ. ಬೆರಗಿನ ಅಂಶವೆಂದರೆ, ಮಿತಿಮೀರಿ ದುಡಿದರೂ ದಂಡವಿದೆ. ಕೂಡಿಡುವ ಆಸೆಯಿಂದ ದಿನವಿಡೀ ಸೌದೆ ಒಡೆಯುತ್ತ ಹೋದರೆ ಒಳಗಿನ ಸ್ಫೂರ್ತಿ ಕುಗ್ಗುತ್ತದೆ. ಕಾಡಿನ ಬಣ್ಣ ಮಾಸುತ್ತದೆ, ಸಂಗೀತ ಸೊರಗುತ್ತದೆ. ಏಕಾಂತದಲ್ಲಿ ಸುಮ್ಮನೆ ಕುಳಿತಾಗ, ದೂರದ ಸದ್ದಿಗೆ ಕಿವಿಗೊಟ್ಟಾಗ, ಪುಸ್ತಕ ತೆರೆದಾಗ ಬಣ್ಣ ಮರಳುತ್ತದೆ.

ಆಯುರ್ವೇದ ಕಲಿತವರಿಗೆ ಇದನ್ನು ಕೇಳಿದಾಗ ಎರಡು ಸಂಗತಿಗಳು ನೆನಪಾಗದೆ ಇರವು. ಚರಕಾಚಾರ್ಯರು ಮನುಷ್ಯನ ಬಯಕೆಗಳನ್ನು ಮೂರಾಗಿ ವಿಂಗಡಿಸಿ ಅವುಗಳಿಗೆ ಏಷಣೆಗಳೆಂದು ಹೆಸರಿಟ್ಟರು. ಮೊದಲನೆಯದು ಪ್ರಾಣೈಷಣೆ, ಎಂದರೆ ಬದುಕಿರಬೇಕೆಂಬುದು. ಎರಡನೆಯದು ಧನೈಷಣೆ, ಜೀವನಕ್ಕೆ ಸಾಧನ ಬೇಕೆಂಬುದು. ಮೂರನೆಯದು ಪರಲೋಕೈಷಣೆ, ಇದಕ್ಕಿಂತ ಮಿಗಿಲಾದುದನ್ನು ಅರಸುವುದು. ಮೂರಕ್ಕೂ ಸ್ಥಾನವಿದೆ, ಕ್ರಮವೂ ಇದೆ. ಇನ್ನು ವಾಗ್ಭಟಾಚಾರ್ಯರು ದಿನಚರ್ಯೆಯ ಅಧ್ಯಾಯದಲ್ಲಿ, ಬಲವುಳ್ಳವನೂ ಸ್ನಿಗ್ಧ ಆಹಾರ ಉಣ್ಣುವವನೂ ಶೀತಕಾಲ ಮತ್ತು ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕೂ ಕಡಿಮೆ ಎಂದರು. ಹಣೆಯಲ್ಲಿ, ಮೂಗಿನ ಮೇಲೆ, ಕಂಕುಳಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧ ಶಕ್ತಿ ಮುಗಿಯಿತೆಂದು ತಿಳಿಯಬೇಕು. ಅದನ್ನು ಮೀರಿದರೆ ಬಾಯಾರಿಕೆ, ಕೆಮ್ಮು, ಜ್ವರ, ವಾಂತಿ ಮುಂತಾದುವು ಹಿಂಬಾಲಿಸುತ್ತವೆಂದು ಎಚ್ಚರಿಸಿದರು. ಯಂತ್ರದ ಆಟವೊಂದು ಈ ಅರ್ಧಶಕ್ತಿಯ ಪಾಠವನ್ನು ತನ್ನದೇ ದಾರಿಯಲ್ಲಿ ಹೇಳುತ್ತಿದೆಯೆಂದರೆ ಅದನ್ನು ತೆಗೆದುಹಾಕಲು ನಮಗೆ ಮನಸ್ಸಾಗಲಿಲ್ಲ.

ಸಾಕೆಂಬುದನ್ನು ಅರಿಯುವ ಈ ಮಾತು ಶರಣರ ನಾಡಿನವರಿಗೆ ಹೊಸದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಮಠದ ಅಂಗಳದಲ್ಲಿ ಎಷ್ಟು ಸಲ ಕೇಳಿಲ್ಲ!

ಈ ಆಟ ನಮ್ಮ ಗಮನಕ್ಕೆ ಬಂದದ್ದು ರೋಗಿಯೊಬ್ಬರಿಂದ. ಚೆಂಡಿಯಾದ ತರುಣ, ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯಿಂದಲೇ ಮಾಡುವವರು. ನಿದ್ರಾನಾಶ, ಎದೆಯುರಿ, ಕತ್ತಿನ ನೋವು. ಹಗಲು ಹತ್ತು ಗಂಟೆ ಪರದೆಯ ಮುಂದೆ ಕಳೆದ ಮೇಲೆ, ಮನಸ್ಸು ಶಾಂತವಾಗಲೆಂದು ರಾತ್ರಿ ಹನ್ನೊಂದರಿಂದ ಒಂದರವರೆಗೆ ಇದೇ ಆಟ ಆಡುತ್ತಿದ್ದರು. ಕಾಡಿನಲ್ಲಿ ನಡೆದಂತೆ ಆಗುತ್ತದೆ ಎಂದರು. ಕಿಟಕಿಯಾಚೆ ಏನಿದೆ ಎಂದು ನಾವು ಕೇಳಿದೆವು. ಚೆಂಡಿಯಾ ನೋಡಿದವರಿಗೆ ಉತ್ತರ ಗೊತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಅದನ್ನು ಮುಟ್ಟುವಷ್ಟು ಹತ್ತಿರ ಬಂದ ಸಹ್ಯಾದ್ರಿಯ ಬೆಟ್ಟ, ಬೆಟ್ಟದ ಮಡಿಲಲ್ಲಿ ನಾಗರಮಡಿಯ ಜಲಪಾತ. ಅಲ್ಲಿಗೆ ಕಡೆಯ ಸಲ ಹೋದದ್ದು ಶಾಲೆಯ ದಿನಗಳಲ್ಲಿ ಎಂದು ಅವರು ಹೇಳಿದರು.

ಚರಕರು ರೋಗಕ್ಕೆ ಮೂರು ಮೂಲಕಾರಣಗಳನ್ನು ಹೇಳಿದ್ದಾರೆ: ಪ್ರಜ್ಞಾಪರಾಧ, ಅಸಾತ್ಮ್ಯೇಂದ್ರಿಯಾರ್ಥ ಸಂಯೋಗ, ಪರಿಣಾಮ. ತಿಳಿದೂ ತಪ್ಪುವುದು ಮೊದಲನೆಯದು. ಸಾಕೆಂಬ ಅರಿವು ಹುಟ್ಟಿಸುವ ಮಟ್ಟಿಗೆ ಈ ಆಟ ಅದಕ್ಕೆ ತುಸು ಮದ್ದಾಗಬಲ್ಲುದು. ಉಳಿದೆರಡರಲ್ಲಿ ಅದು ಸೋಲುತ್ತದೆ, ಸೋಲಲೇಬೇಕು. ಇಂದ್ರಿಯಗಳಿಗೆ ಅವುಗಳ ವಿಷಯ ಅತಿಯಾಗಿ ಒದಗಿದರೆ ಅತಿಯೋಗ, ಒದಗದಿದ್ದರೆ ಹೀನಯೋಗ, ವಿಕೃತವಾಗಿ ಒದಗಿದರೆ ಮಿಥ್ಯಾಯೋಗ. ಪರದೆಯ ಕಾಡು ಕಣ್ಣಿಗೂ ಕಿವಿಗೂ ಮಾತ್ರ ಉಣಬಡಿಸುತ್ತದೆ. ಹಗಲೆಲ್ಲ ದಣಿದ ಕಣ್ಣಿಗೆ ರಾತ್ರಿ ಮತ್ತೆ ಬೆಳಕು ಸುರಿದರೆ, ಚಿತ್ರ ಎಷ್ಟೇ ಸೌಮ್ಯವಾಗಿರಲಿ, ಅದು ಅತಿಯೋಗವೇ. ಮೂಗು, ನಾಲಗೆ, ಚರ್ಮಗಳಿಗೆ ಏನೂ ದಕ್ಕುವುದಿಲ್ಲ. ಮೊದಲ ಮಳೆಗೆ ಏಳುವ ಮಣ್ಣಿನ ಕಂಪು, ಮುರುಗಲು ಹಣ್ಣಿನ ಹುಳಿ, ಅಂಕೋಲೆಯ ಕರಿ ಇಶಾಡ ಮಾವಿನ ರಸ ಮೊಣಕೈವರೆಗೆ ಇಳಿಯುವುದು, ಹಳ್ಳದ ನೀರು ಕಾಲ್ಬೆರಳ ಸಂದಿಯಲ್ಲಿ ಕೊರೆಯುವುದು, ಇವನ್ನು ಯಾವ ಯಂತ್ರ ಕೊಟ್ಟೀತು? ದೇಹವಂತೂ ಕುರ್ಚಿಯಲ್ಲಿಯೇ ಇರುತ್ತದೆ. ಆಟಗಾರ ಸೌದೆ ಸೀಳುತ್ತಾನೆ, ಅವನ ಅಗ್ನಿ ಮಾತ್ರ ಮಂದವಾಗಿಯೇ ಉಳಿಯುತ್ತದೆ.

ಕಣ್ಣಿನ ವಿಷಯದಲ್ಲಿ ಆಧುನಿಕ ವೈದ್ಯರೂ ಹೀಗೆಯೇ ಹೇಳುತ್ತಾರೆ. ಚೀನಾದ ಗುವಾಂಗ್‌ಝೌ ನಗರದ ಪ್ರಾಥಮಿಕ ಶಾಲೆಗಳಲ್ಲಿ ಕೆಲವು ಮಕ್ಕಳಿಗೆ ದಿನಕ್ಕೆ ನಲವತ್ತು ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿರುವ ತರಗತಿ ಏರ್ಪಡಿಸಿದರು. ಮೂರು ವರ್ಷಗಳ ಬಳಿಕ ನೋಡಿದರೆ, ಆ ಮಕ್ಕಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ನೂರಕ್ಕೆ ಮೂವತ್ತು. ಉಳಿದ ಶಾಲೆಗಳಲ್ಲಿ ಸುಮಾರು ನಲವತ್ತು. 2015ರಲ್ಲಿ ಪ್ರಕಟವಾದ ಅಧ್ಯಯನವಿದು. ಮದ್ದಿಲ್ಲ, ಹನಿಯಿಲ್ಲ, ಬರೀ ಹಗಲ ಬೆಳಕು.

ಮೂರನೆಯ ಕಾರಣವಾದ ಪರಿಣಾಮವೆಂದರೆ ಕಾಲ. ಒಂದು ಋತುವಿನ ಕಡೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿ ಋತುಸಂಧಿ. ಆ ಹದಿನಾಲ್ಕು ದಿನಗಳಲ್ಲಿ ಹಿಂದಿನ ಪಥ್ಯವನ್ನು ಮೆಲ್ಲನೆ ಬಿಟ್ಟು ಮುಂದಿನದನ್ನು ಮೆಲ್ಲನೆ ಹಿಡಿಯಬೇಕೆಂಬುದು ಶಾಸ್ತ್ರ. ಆಟದಲ್ಲಿ ಒಂದು ದಿನ ಕೆಲವೇ ನಿಮಿಷಗಳಲ್ಲಿ ಮುಗಿದು ಶರತ್ತಿನಿಂದ ಹೇಮಂತಕ್ಕೆ ಅರ್ಧ ಸಂಜೆಯಲ್ಲಿ ದಾಟಬಹುದು. ಶರೀರಕ್ಕೆ ಆ ವೇಗ ಬಾರದು.

ಇಲ್ಲಿ ಇನ್ನೊಂದು ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಆ ತರುಣರ ಅಜ್ಜಿಯೂ ನಮ್ಮ ರೋಗಿಯೇ. ಎಪ್ಪತ್ತೈದು ದಾಟಿದವರು. ಮೊಮ್ಮಗ ಪರದೆಯ ಮೇಲೆ ಮಾಡುವುದನ್ನೆಲ್ಲ ಅವರು ಐವತ್ತು ವರ್ಷ ನಿಜವಾಗಿ ಮಾಡಿದ್ದಾರೆ: ತಲೆಹೊರೆ ಸೌದೆ, ತೇಪೆಯ ಸೀರೆ, ಹುರುಳಿ ಗಂಜಿ. ಅವರ ಎರಡೂ ಮೊಣಕಾಲು ಇಂದು ಸಂಧಿವಾತದಿಂದ ಊದಿವೆ. ಸರಳ ಜೀವನವನ್ನು ಆರಿಸಿಕೊಂಡವರ ಕಥೆ ಬೇರೆ, ಅದು ತಲೆಯ ಮೇಲೆ ಬಿದ್ದವರ ಕಥೆ ಬೇರೆ. ಥೋರೋವಿಗೆ ನೆಲ ಕೊಟ್ಟಿದ್ದವರು ಮಿತ್ರ ಎಮರ್ಸನ್. ಬೇಸರವಾದರೆ ಊರು ಒಂದೂವರೆ ಮೈಲಿ. ನಮ್ಮ ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮನೆ, ತೋಟ, ದೈವದ ಕಟ್ಟೆಗಳನ್ನು ಬಿಟ್ಟು ಎದ್ದ ಕುಟುಂಬಗಳಿಗೆ ಅಂಥ ಆಯ್ಕೆ ಇರಲಿಲ್ಲ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯೊಡನೆ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಿನಗೂಲಿಗೆ ನಿಂತು ಕಾಡನ್ನು ಕಲಿತವರು. ಪದ್ಮಶ್ರೀ ಪಡೆಯಲು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದ ಆ ತಾಯಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಬದುಕನ್ನು ಸರಳವೆಂದು ಹೊಗಳುವಾಗ ಅದರ ಕೂಲಿಯ ಲೆಕ್ಕವನ್ನೂ ಮರೆಯಬಾರದು. ಅರ್ಧಶಕ್ತಿಯ ನಿಯಮ ಅಜ್ಜಿಗೆ ಎಂದೂ ದೊರೆಯಲಿಲ್ಲ ಎಂಬುದೇ ಅವರ ಮೊಣಕಾಲಿನ ನಿದಾನ.

ಏಕಾಂತದ ಬಗೆಗೂ ಒಂದು ಎಚ್ಚರ ಬೇಕು. 1883ರಲ್ಲಿ, ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿ ತಂಗಿದ್ದರು. ‘ಪ್ರಕೃತಿಯ ಪ್ರತೀಕಾರ’ ಎಂಬ ಅರ್ಥದ ಹೆಸರಿನ ನಾಟಕವನ್ನು ಬರೆದದ್ದು ಈ ಕಡಲ ತೀರದಲ್ಲಿ. ಎಲ್ಲ ಬಂಧ ಕಡಿದು ಗುಹೆ ಸೇರಿದ ಸನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಮಮತೆ ಲೋಕಕ್ಕೆ ಮರಳಿ ಎಳೆಯುವುದು ಅದರ ಕಥೆ. ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು ಪರದೆಯ ಕಾಡಿನಲ್ಲಿ ಏಕಾಂತ ಅರಸುವ ತರುಣರನ್ನು ಕಂಡಾಗ ನಮಗೆ ಆ ಗುಹೆ ನೆನಪಾಗುತ್ತದೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಕಾಲುನೋವಿನಿಂದ ಎಚ್ಚರವಾಗಿಯೇ ಇದ್ದರು.

ಆ ತರುಣರಿಗೆ ಆಟ ಬಿಡಿರೆಂದು ನಾವು ಹೇಳಲಿಲ್ಲ. ರಾತ್ರಿಜಾಗರಣೆ ರೂಕ್ಷ, ವಾತವನ್ನು ಕೆರಳಿಸುವಂಥದು. ಆದುದರಿಂದ ಆಟ ಬೇಕೆನಿಸಿದರೆ ಭಾನುವಾರ ಹಗಲು ಒಂದು ಗಂಟೆ ಮಾತ್ರ. ರಾತ್ರಿ ಒಂಬತ್ತರ ಬಳಿಕ ಯಾವ ಪರದೆಯೂ ಇಲ್ಲ. ಮಲಗುವ ಮುನ್ನ ಅಂಗಾಲಿಗೆ ಎಳ್ಳೆಣ್ಣೆ. ಮೊದಲು ಅಜ್ಜಿಯ ಮೊಣಕಾಲಿಗೆ ಬೆಚ್ಚಗಿನ ಎಣ್ಣೆ ಹಚ್ಚಿ, ಬಳಿಕ ತಮ್ಮ ಪಾದಕ್ಕೆ. ಬೆಳಿಗ್ಗೆ ಮುಕ್ಕಾಲು ಗಂಟೆ ಕಡಲದಂಡೆಯ ನಡಿಗೆ. ರಾತ್ರಿಯೂಟ ಎಂಟರೊಳಗೆ, ಹಗುರವಾಗಿ. ಎದೆಯುರಿ ಇರುವತನಕ ಹುಳಿ, ಖಾರ, ಚಹಾ ಕಡಿಮೆ. ಎರಡು ತಿಂಗಳಲ್ಲಿ ನಿದ್ರೆ ಆರು ಗಂಟೆಗೆ ಬಂತು, ಕತ್ತು ಸಡಿಲವಾಯಿತು. ಕೆಲಸದ ಗಡುವು ಬಂದ ವಾರ ಎದೆಯುರಿ ಇನ್ನೂ ಮರಳುತ್ತದೆ. ಅಜ್ಜಿಯ ಊತ ತುಸು ಇಳಿದಿದೆ. ಎಣ್ಣೆಯಿಂದಲೋ ಮೊಮ್ಮಗನ ಕೈಯಿಂದಲೋ ಎಂದು ಅವರು ನಗುತ್ತಾರೆ.

ಪಾಲಕರಿಗೆ ಕೆಲವು ಸೂಚನೆಗಳು. ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ದೊಡ್ಡ ಮಕ್ಕಳ ಕೈಯಿಂದ ಮೊಬೈಲು ಕಿತ್ತುಕೊಳ್ಳುವ ಮೊದಲು ಅವರೊಡನೆ ಹೊರಗೆ ಹೋಗುವ ಸಮಯ ನಮ್ಮಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಕಾಡಿಗೆ ಹೋಗುವಾಗ ಪರದೆಯ ಕಾಡಿನಲ್ಲಿಲ್ಲದ ಅಪಾಯಗಳನ್ನು ಮರೆಯಬಾರದು. ಮಳೆಗಾಲದಲ್ಲಿ ನಾಗರಮಡಿಯಂಥ ಜಲಪಾತಗಳ ಬಂಡೆ ಜಾರುತ್ತದೆ, ನೀರು ಹಠಾತ್ತನೆ ಏರುತ್ತದೆ. ಆಗ ದೂರದಿಂದ ನೋಡಿದರೆ ಸಾಕು. ವರ್ಷಾಋತುವಿನಲ್ಲಿ ಬರಿಗಾಲಿನ ನಡಿಗೆಯನ್ನೂ ಹೆಚ್ಚಿನ ಶ್ರಮವನ್ನೂ ವಾಗ್ಭಟರು ಬೇಡವೆಂದಿದ್ದಾರೆ, ಮರಳ ಮೇಲಿನ ಬರಿಗಾಲ ನಡಿಗೆಯನ್ನು ಶರದೃತುವಿಗೆ ಇಟ್ಟುಕೊಳ್ಳಿರಿ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಉಣ್ಣೆಗಳ ಕಾಟ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಘಟ್ಟದ ಮೇಲಿನ ಕಾಡುಗಳಲ್ಲಿಯೂ ಕಾಣಿಸಿಕೊಂಡಿದೆ. ಮೈತುಂಬ ಬಟ್ಟೆ ತೊಟ್ಟು ಹೋಗಿ, ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಮಕ್ಕಳ ಕಂಕುಳು, ತೊಡೆಸಂದಿ, ಕಿವಿಯ ಹಿಂಭಾಗಗಳನ್ನು ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಕಾಡಿನಿಂದ ಬಂದ ಕೆಲ ದಿನಗಳಲ್ಲಿ ತೀವ್ರ ಜ್ವರ, ತಲೆನೋವು, ಮೈಕೈನೋವು ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.