ಮಲಗಿದ ಮಕ್ಕಳನ್ನು ಬಿಟ್ಟು ಹೋಗಬೇಡಿ

ದಸರೆ ಮುಗಿಯಿತೆಂದರೆ ನಮ್ಮ ಸುರಪುರ ಸೀಮೆಯಿಂದ ಜನ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ನನ್ನ ಅಪ್ಪ-ಅವ್ವನೂ ನನ್ನನ್ನು ಆಯಿಯ, ಅಂದರೆ ಅಜ್ಜಿಯ, ಹತ್ತಿರ ಬಿಟ್ಟು ಹೋಗುತ್ತಿದ್ದರು. ಬಸ್ಸು ಸಿಗುವುದು ರಾತ್ರಿ. "ಮಲಗಿದ ಮ್ಯಾಲೆ ಹೋಗ್ರಿ, ಮುಂಜಾನಿ ಮರೀತಾವ" ಎಂದು ಅಪ್ಪನಿಗೆ ಹೇಳಿಕೊಟ್ಟವನು ನಮ್ಮ ಸೋದರಮಾವ. ಆ ಮಾತಿಗಾಗಿ ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮರುವರ್ಷ ನಾನು ಅವ್ವನ ಸೆರಗನ್ನು ನನ್ನ ಉಡದಾರಕ್ಕೆ ಗಂಟು ಹಾಕಿಕೊಂಡು ಮಲಗಿದೆ. ಅವರು ಗಂಟು ಬಿಚ್ಚಿ ಹೋದರು.

ಆರನೇ ತರಗತಿಗೆ ವಸತಿ ಶಾಲೆ. ಅಲ್ಲಿ ಪಾಲಕರ ಭೇಟಿ ತಿಂಗಳ ಮೊದಲ ಭಾನುವಾರ ಮಾತ್ರ. ಅವ್ವ ದುಡಿಯುತ್ತಿದ್ದ ಸೈಟಿನಲ್ಲಿ ಬಟವಾಡೆ ಆಗುತ್ತಿದ್ದುದೇ ಭಾನುವಾರ; ಅದು ಕೈಗೆ ಬಂದ ಮೇಲೆಯೇ ಬಸ್ಸಿಗೆ ದುಡ್ಡು. ಹೀಗಾಗಿ ಅವಳು ಬಂದದ್ದು ಸೋಮವಾರ. ಗಣಿತದ ಪಿರಿಯಡ್ಡು. ಕಿಟಕಿಯಲ್ಲಿ ಗೇಟು ಕಾಣುತ್ತಿತ್ತು. ಸಿಮೆಂಟಿಗೆ ಬಿರಿದ ಕೈಯಲ್ಲಿ ಸರಳು ಹಿಡಿದು ಅವಳು ವಾರ್ಡನ್ ಹತ್ತಿರ ಬೇಡಿಕೊಳ್ಳುತ್ತಿದ್ದಳು. ಅವರು ಒಮ್ಮೆಯೂ ತಲೆ ಆಡಿಸಲಿಲ್ಲ. ನಾನು ಎದ್ದು ನಿಂತೆ; ಸರ್ ಕೂಡಿಸಿದರು. ಅವ್ವ ಶೇಂಗಾ ಹೋಳಿಗೆಯ ಗಂಟನ್ನು ಕಾವಲುಗಾರನ ಕೈಗಿಟ್ಟು, ತಿರುತಿರುಗಿ ನೋಡುತ್ತ ರಸ್ತೆ ಕಡೆ ನಡೆದಳು. ಯಾವ ಕಿಟಕಿಯಲ್ಲಿ ನಾನಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಅಳು ಬರಲಿಲ್ಲ. ಬೋರ್ಡಿನ ಲೆಕ್ಕ ತಪ್ಪಿಲ್ಲದೆ ಬಿಡಿಸಿದೆ. ರಾತ್ರಿ ಹೋಳಿಗೆಯನ್ನೆಲ್ಲ ಹುಡುಗರಿಗೆ ಹಂಚಿದೆ. ಒಬ್ಬ "ನಿಮ್ಮವ್ವ ಛಲೋ ಮಾಡ್ಯಾಳಲೇ" ಅಂದ. ಅವನ ತುಟಿ ಒಡೆಯುವಂತೆ ಹೊಡೆದೆ. ವಾರ್ಡನ್ ನನ್ನನ್ನು ಪುಂಡನೆಂದು ಬರೆದುಕೊಂಡರು, ಯಾಕೆ ಹೊಡೆದೆ ಎಂದು ಕೇಳಲಿಲ್ಲ.

ಹಬ್ಬಕ್ಕೆ ಅಪ್ಪ-ಅವ್ವ ಬಂದರೆ ನಾನು ಹತ್ತಿರ ಹೋಗುತ್ತಿರಲಿಲ್ಲ. "ಹುಡುಗ ಶಾಣ್ಯಾ ಆಗ್ಯಾನ" ಎಂದು ಎಲ್ಲರೂ ಹೊಗಳಿದರು. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು ಆಸ್ಪತ್ರೆಗೆ ಸೇರಿದ ಎರಡು ವರ್ಷದ ಮಗುವನ್ನು ಚಿತ್ರೀಕರಿಸಿ 1952ರಲ್ಲೇ ತೋರಿಸಿದ್ದರಂತೆ, ದೊಡ್ಡವನಾದ ಮೇಲೆ ನಾನು ಕಂಡ ಆಪ್ತಸಮಾಲೋಚಕರು ಹೇಳಿದ್ದು. ರಾಬರ್ಟ್‌ಸನ್ ಕಂಡಂತೆ, ತಾಯಿಯನ್ನು ಅಗಲಿದ ಮಗು ಮೊದಲು ರಂಪ ಮಾಡುತ್ತದೆ, ಆಮೇಲೆ ಕುಗ್ಗುತ್ತದೆ, ಕೊನೆಗೆ ತಾಯಿಯೇ ಬೇಡವಾದಂತೆ ಇದ್ದುಬಿಡುತ್ತದೆ. ಈ ಕೊನೆಯದನ್ನೇ ದಾದಿಯರು "ಹೊಂದಿಕೊಂಡಿತು" ಎಂದುಕೊಳ್ಳುತ್ತಿದ್ದರು. ಮಕ್ಕಳ ವಾರ್ಡಿಗೆ ತಂದೆತಾಯಿ ಯಾವಾಗ ಬೇಕಾದರೂ ಬರಲಿ ಎಂದು 1959ರಲ್ಲಿ ಅಲ್ಲಿನ ಪ್ಲಾಟ್ ಸಮಿತಿ ಶಿಫಾರಸು ಮಾಡಿತು. ಅರ್ಧ ಶತಮಾನ ಕಳೆದ ಮೇಲೂ ನನ್ನ ಅವ್ವ ಗೇಟಿನ ಹೊರಗೇ ನಿಂತಿದ್ದಳು.

ಬಿಟ್ಟುಹೋಗುವಂಥದ್ದೇನೋ ನನ್ನಲ್ಲೇ ಇದೆ ಎಂದು ನಂಬಿಕೊಂಡೇ ಬೆಳೆದೆ. ನೌಕರಿಯಲ್ಲಿ ಸಂಬಳ ಹೆಚ್ಚಿಸಿ ಎಂದು ಕೇಳಲು ಬಾಯಿಯೇ ಬರುತ್ತಿರಲಿಲ್ಲ. ಆದರೆ ಗೆಳೆಯ ಹೇಳದೆ ಊರಿಗೆ ಹೋದನೆಂದರೆ ಅವನ ರೂಮಿನ ಬಾಗಿಲು ಒದೆಯುತ್ತಿದ್ದೆ. ನನ್ನ ತಂಗಿಯೂ ಆಯಿಯ ಹತ್ತಿರವೇ ಬೆಳೆದವಳು. ಅವಳು ಹುಟ್ಟುವ ಹೊತ್ತಿಗೆ ಆಯಿ ಜಗಳ ತೆಗೆದು, ಹೇಳಿಯೇ ಹೋಗಬೇಕೆಂದು ಪಟ್ಟು ಹಿಡಿದಿದ್ದಳು. ತಂಗಿ ಬಸ್‌ಸ್ಟ್ಯಾಂಡಿನಲ್ಲಿ ಉರುಳಾಡಿ ಅಳುತ್ತಿದ್ದಳು, ಉಗಾದಿ ಯಾವಾಗ ಎಂದು ಕೇಳುತ್ತಿದ್ದಳು, ಅವರು ಬಂದರೆ ಓಡಿಹೋಗಿ ತೆಕ್ಕೆ ಬೀಳುತ್ತಿದ್ದಳು. ಅವಳಲ್ಲಿ ನನ್ನ ಸಿಟ್ಟು ಇಲ್ಲ.

ಯಾಕೆ ಹೇಳದೆ ಹೋಗುತ್ತಿದ್ದಿರಿ ಎಂದು ಹೋದ ವರ್ಷ ಅಪ್ಪನನ್ನು ಕೇಳಿಯೇಬಿಟ್ಟೆ. "ನೀ ಅತ್ತಿದ್ದರ ನನ್ನ ಕಾಲು ಏಳ್ತಿದ್ದಿಲ್ಲೋ. ಮೇಸ್ತ್ರಿ ಕಡೆ ಮುಂಗಡ ತಿಂದಾಗಿತ್ತು" ಅಂದ. ಆ ಉತ್ತರ ನನಗೆ ಬಹಳ ಮೊದಲೇ ಬೇಕಿತ್ತು.

ಗುಳೆ ಹೋಗುವವರಿಗೆ ಹೇಳುವುದು ಇಷ್ಟೆ: ಮಗು ಎಚ್ಚರವಿರುವಾಗ ಹೊರಡಿ. ಯಾವ ಹಬ್ಬಕ್ಕೆ ಬರುತ್ತೀರೆಂದು ಹೇಳಿ, ಬರಲಾಗದಿದ್ದರೆ ಫೋನಿನಲ್ಲಿ ನೀವೇ ತಿಳಿಸಿ. ನನ್ನಂತೆ ದೊಡ್ಡವರಾದವರು ಸಂಕೋಚವಿಲ್ಲದೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ದುಡ್ಡು ಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವಾರ್ಡನ್‌ಗಳೇ, ಸೋಮವಾರ ಬಂದ ತಾಯಿಯನ್ನೂ ದಯವಿಟ್ಟು ಒಳಗೆ ಬಿಡಿ.