ಹಿಂದಿನ ಸಾಲಿನ ಎಳೆಯ ಆಟಗಾರ: ದೇಹದ ಬೆಳವಣಿಗೆ ಮತ್ತು ಪಾಲಕರ ತಾಳ್ಮೆ

ಹಾಕಿ ಪಂದ್ಯ ಮುಗಿದೊಡನೆ ಪ್ರೇಕ್ಷಕರ ನಾಲಿಗೆಯ ಮೇಲೆ ನಿಲ್ಲುವುದು ಗೋಲು ಹೊಡೆದವನ ಹೆಸರು. ಗೋಲಾಗದಂತೆ ತಡೆದವನ ದುಡಿಮೆ ಯಾವ ಅಂಕಪಟ್ಟಿಯಲ್ಲಿಯೂ ಕಾಣುವುದಿಲ್ಲ. ಮಲಾಡಿನಿಂದ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಹಾಕಿ ಕೋಲನ್ನು ಅಪ್ಪಿಕೊಂಡು ಚರ್ಚ್‌ಗೇಟಿನ ಮಹೀಂದ್ರ ಕ್ರೀಡಾಂಗಣಕ್ಕೆ ಹೋಗುವ ಬಾಲಕನು ಫುಲ್‌ಬ್ಯಾಕ್ ಆಗಿದ್ದರೆ, ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಆಯ್ಕೆದಾರರ ಕಣ್ಣಿಗೆ ಬೀಳದೆ ಉಳಿಯುವ ಸಂಭವ ಹೆಚ್ಚು. ‘ಇವನಿಗೆ ಆಟ ಒಗ್ಗದು’ ಎಂದು ಪಾಲಕರು ತೀರ್ಮಾನಿಸುವುದೂ ಆ ವಯಸ್ಸಿನಲ್ಲಿಯೇ. ಆ ತೀರ್ಮಾನಕ್ಕೆ ಮುನ್ನ ಬೆಳೆಯುವ ದೇಹದ ಕೆಲವು ನಿಯಮಗಳನ್ನು ತಿಳಿಯುವುದು ಹಿತಕರ.

ಟ್ರೆಂಚಿನ್‌ನ ಉದ್ದನೆಯ ಹುಡುಗ

ಶೀತದೇಶಗಳ ಐಸ್ ಹಾಕಿಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಜ್ಡೆನೊ ಖಾರಾ 1977ರಲ್ಲಿ ಇಂದಿನ ಸ್ಲೊವಾಕಿಯದ ಟ್ರೆಂಚಿನ್ ನಗರದಲ್ಲಿ ಜನಿಸಿದನು. ತಂದೆ ಕುಸ್ತಿಪಟು. ಹುಡುಗನು ಎತ್ತರಕ್ಕೆ ಬೆಳೆದನು. ಆದರೆ ಅದಕ್ಕೆ ತಕ್ಕ ಮೈಕಟ್ಟು ಬೇಗನೆ ಬರಲಿಲ್ಲ. ಹಾಕಿಗೆ ಇಷ್ಟು ಎತ್ತರ ಸಲ್ಲದು, ಬ್ಯಾಸ್ಕೆಟ್‌ಬಾಲ್ ಆಡಲಿ ಎಂಬ ಮಾತನ್ನೂ ಅವನು ಕೇಳಬೇಕಾಯಿತು. 1996ರಲ್ಲಿ ಉತ್ತರ ಅಮೆರಿಕದ ವೃತ್ತಿಪರ ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಂಡಾಗ ಅವನ ಸರದಿ ಬಂದುದು ಮೂರನೆಯ ಸುತ್ತಿನಲ್ಲಿ, 56ನೆಯವನಾಗಿ. ಬಳಿಕ ಅವನು ಕೆನಡಾಕ್ಕೆ ತೆರಳಿ, ಪ್ರಿನ್ಸ್ ಜಾರ್ಜ್ ಊರಿನ ಕಿರಿಯರ ತಂಡದಲ್ಲಿ ಪಳಗಿದನು. 2009ರಲ್ಲಿ ಶ್ರೇಷ್ಠ ರಕ್ಷಣಾ ಆಟಗಾರನಿಗೆ ಸಲ್ಲುವ ನಾರಿಸ್ ಪ್ರಶಸ್ತಿಯನ್ನು ಪಡೆದನು. 2011ರಲ್ಲಿ ಬಾಸ್ಟನ್ ತಂಡದ ನಾಯಕನಾಗಿ ಸ್ಟ್ಯಾನ್ಲಿ ಕಪ್ ಎತ್ತಿದನು. ಹದಿಹರೆಯದಲ್ಲಿ ದೋಷವೆನಿಸಿದ 206 ಸೆಂಟಿಮೀಟರ್ ಎತ್ತರವೇ ಬಲ ಕೂಡಿದ ಮೇಲೆ ದೊಡ್ಡ ಗುಣವಾಯಿತು. ಆಯ್ಕೆದಾರರು ಅಂದು ಕಂಡದ್ದು ಹುಡುಗನ ಆ ದಿನದ ದೇಹವನ್ನೇ ಹೊರತು ಅದು ಮುಂದೆ ಪಡೆಯಲಿದ್ದ ರೂಪವನ್ನಲ್ಲ.

ವಯಸ್ಸಿನ ಎರಡು ಲೆಕ್ಕಗಳು

ಪ್ರತಿ ಮಗುವಿಗೂ ಎರಡು ವಯಸ್ಸುಗಳುಂಟು. ಒಂದು ಜನನಪತ್ರದ್ದು, ಇನ್ನೊಂದು ಎಲುಬು ಸ್ನಾಯುಗಳ ಪಕ್ವತೆಯದು. ಬಾಲಕಿಯರು ಸುಮಾರು 12ರಲ್ಲಿ, ಬಾಲಕರು ಸುಮಾರು 14ರಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆದರೆ ಇದು ಸರಾಸರಿ ಮಾತ್ರ. ಒಂದೇ ತರಗತಿಯ ಇಬ್ಬರು ಬಾಲಕರಲ್ಲಿ ಒಬ್ಬನಿಗೆ ಮೀಸೆ ಚಿಗುರಿದ್ದರೆ ಇನ್ನೊಬ್ಬನ ದನಿಯೂ ಒಡೆದಿರುವುದಿಲ್ಲ. ಇಬ್ಬರೂ ಆರೋಗ್ಯವಂತರೇ. ಬೇಗ ಮಾಗಿದವನು ಓಟದಲ್ಲಿಯೂ ಮೈಗೆ ಮೈ ತಾಗುವ ಸೆಣಸಿನಲ್ಲಿಯೂ ಗೆಲ್ಲುತ್ತಾನೆ. ತಡವಾಗಿ ಬೆಳೆಯುವವನು ಕೆಲವು ವರ್ಷಗಳಲ್ಲಿ ಅವನನ್ನು ಸರಿಗಟ್ಟಬಹುದು, ಆದರೆ ಅಷ್ಟರವರೆಗೆ ಅವನು ಮೈದಾನದಲ್ಲಿ ಉಳಿದಿರಬೇಕು.

ಹುಟ್ಟಿದ ತಿಂಗಳಿಗೂ ಇಲ್ಲಿ ಪಾತ್ರವಿದೆ. ಜನವರಿ 1ರಿಂದ ವಯೋಗುಂಪು ಲೆಕ್ಕ ಹಾಕುವ ಕೆನಡಾದ ಹಾಕಿಯಲ್ಲಿ, ವರ್ಷಾರಂಭದ ತಿಂಗಳುಗಳಲ್ಲಿ ಹುಟ್ಟಿದ ಆಟಗಾರರೇ ಹೆಚ್ಚಾಗಿರುವುದನ್ನು 1985ರಲ್ಲಿ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಡಿಸೆಂಬರಿನಲ್ಲಿ ಹುಟ್ಟಿದವನು ಅದೇ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಿರಿಯನು. ಈ ಅಂತರವನ್ನು ಪ್ರತಿಭೆಯ ಕೊರತೆಯೆಂದು ಎಣಿಸುವುದು ಅನ್ಯಾಯ.

ನೋವಿನ ಮುನ್ಸೂಚನೆ

ವೇಗವಾಗಿ ಬೆಳೆಯುವ ಕಾಲದಲ್ಲಿ ಎಲುಬು ಮುಂದೆ ಹೋಗುತ್ತದೆ, ಸ್ನಾಯುಗಳು ಹಿಂದೆ ಉಳಿಯುತ್ತವೆ. ನಿನ್ನೆಯವರೆಗೆ ಚೆಂದವಾಗಿ ಚೆಂಡು ತಡೆಯುತ್ತಿದ್ದವನು ಇದ್ದಕ್ಕಿದ್ದಂತೆ ಎಡವತೊಡಗುವುದುಂಟು, ಇದು ಸೋಮಾರಿತನವಲ್ಲ. ಮೊಣಕಾಲ ಚಿಪ್ಪಿನ ಕೆಳಗೆ ಸ್ನಾಯುರಜ್ಜು ಅಂಟುವ ಜಾಗ ಇನ್ನೂ ಮೃದ್ವಸ್ಥಿಯಾಗಿರುವುದರಿಂದ, ಓಟ ಜಿಗಿತಗಳ ಎಳೆತಕ್ಕೆ ಅಲ್ಲಿ ಉಬ್ಬಿ ನೋಯುತ್ತದೆ. ವೈದ್ಯರು ಇದನ್ನು ಆಸ್‌ಗುಡ್-ಶ್ಲಾಟರ್ ತೊಂದರೆ ಎನ್ನುವರು. ಹಿಮ್ಮಡಿಯಲ್ಲಿಯೂ ಇಂಥದೇ ನೋವು ಬರುತ್ತದೆ. ಶ್ರಮವನ್ನು ತಗ್ಗಿಸಿ, ತೊಡೆ ಮೀನಖಂಡಗಳನ್ನು ಮೆಲ್ಲನೆ ಹಿಗ್ಗಿಸುವ ವ್ಯಾಯಾಮ ಮಾಡಿಸಿದರೆ ಬಹುಮಟ್ಟಿಗೆ ತಾನಾಗಿ ಶಮನವಾಗುತ್ತದೆ.

ಫುಲ್‌ಬ್ಯಾಕ್ ಸದಾ ಬಾಗಿ ಆಡುವವನಾದ್ದರಿಂದ ಅವನ ಸೊಂಟಕ್ಕೆ ಹೆಚ್ಚು ದಣಿವು. ಎರಡು ಮೂರು ವಾರ ಕಳೆದರೂ ಮಾಯದ ಬೆನ್ನುನೋವು, ರಾತ್ರಿ ನಿದ್ದೆಯಿಂದೆಬ್ಬಿಸುವ ನೋವು, ಕೀಲಿನ ಬಾವು, ಜ್ವರ, ಕುಂಟು ನಡಿಗೆ ಇವುಗಳಲ್ಲಿ ಯಾವುದು ಕಂಡರೂ ಎಣ್ಣೆ ತಿಕ್ಕುತ್ತ ಕೂರದೆ ವೈದ್ಯರಿಗೆ ತೋರಿಸಬೇಕು. ಸೊಂಟದ ಕೀಲಿನ ರೋಗವು ಕೆಲವೊಮ್ಮೆ ಮೊಣಕಾಲ ನೋವಿನ ರೂಪದಲ್ಲಿ ಕಾಣಿಸಿಕೊಳ್ಳುವುದರಿಂದ, ಕುಂಟುವ ಮಗುವನ್ನು ತಡಮಾಡದೆ ಪರೀಕ್ಷೆಗೆ ಒಯ್ಯಬೇಕು.

ಅನ್ನ, ನಿದ್ದೆ, ಬಿಡುವು

ದುಬಾರಿ ಪುಡಿಗಳ ಡಬ್ಬಿಗಳಿಂದ ಎತ್ತರ ಬೆಳೆಯುವುದಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ರಾಗಿ ಮುದ್ದೆ ಅಥವಾ ಅಂಬಲಿ, ಹಾಲು ಮೊಸರು, ಬೇಳೆ, ಮೊಳಕೆಕಾಳು, ಸೊಪ್ಪು, ಒಗ್ಗುವವರಿಗೆ ಮೊಟ್ಟೆ ಮೀನು ಇವು ಸಾಕು. ಸೊಪ್ಪಿನ ಕಬ್ಬಿಣದಂಶ ಮೈಗೆ ಹತ್ತಲು ನಿಂಬೆರಸ ಹಿಂಡಿಕೊಳ್ಳಬೇಕು. ಊಟದೊಡನೆ ಚಹಾ ಕುಡಿಯಬಾರದು. ತಿಂಗಳ ಸ್ರಾವ ಆರಂಭವಾದ ಬಾಲಕಿಯರಿಗೆ ಈ ಎಚ್ಚರ ಇನ್ನೂ ಅಗತ್ಯ.

13ರಿಂದ 18ರ ವಯಸ್ಸಿನವರಿಗೆ 8ರಿಂದ 10 ಗಂಟೆಗಳ ನಿದ್ದೆ ಬೇಕು. ಮುಂಜಾನೆಯ ಅಭ್ಯಾಸ, ಶಾಲೆ, ಟ್ಯೂಷನ್, ಎರಡು ಹೊತ್ತಿನ ರೈಲು ಪ್ರಯಾಣ ಇವೆಲ್ಲ ಕೂಡಿದಾಗ ಮೊದಲು ಕಡಿತವಾಗುವುದು ನಿದ್ದೆಯೇ. ವಾರದ ಒಟ್ಟು ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು; ವಾರದಲ್ಲಿ ಒಂದು ದಿನವಾದರೂ ಪೂರ್ಣ ಬಿಡುವಿರಬೇಕು.

ಕಣ್ಣಿನ ಪಾಠ

ಗಿಡ್ಡನಾಗಿ ಉಳಿದ ಆ ಎರಡು ಮೂರು ವರ್ಷಗಳೂ ವ್ಯರ್ಥವಲ್ಲ. ಓಡಿ ಹಿಡಿಯಲಾರದವನು ಎಲ್ಲಿ ನಿಂತರೆ ಚೆಂಡು ತನ್ನ ಬಳಿಗೆ ಬಂದೀತೆಂದು ಎಣಿಸಲು ಕಲಿಯಬಹುದು. ಸ್ವೀಡನ್ನಿನ ನಿಕ್ಲಾಸ್ ಲಿಡ್‌ಸ್ಟ್ರೋಮ್ 1989ರಲ್ಲಿ 53ನೆಯವನಾಗಿ ಆಯ್ಕೆಯಾಗಿ, ಮೈಬಲಕ್ಕಿಂತ ಹೆಚ್ಚಾಗಿ ಸ್ಥಾನಜ್ಞಾನದಿಂದಲೇ ಏಳು ಬಾರಿ ನಾರಿಸ್ ಪ್ರಶಸ್ತಿಯನ್ನು ಗಳಿಸಿದನು. ಕೊಡಗಿನ ಮನೆಯಪಂಡ ಎಂ. ಸೋಮಯ್ಯನವರು ಗೋಲುಗಾರರ ಸಾಲಿಗೆ ಸೇರದ ಹಾಫ್‌ಬ್ಯಾಕ್ ಆಟಗಾರರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದರು. ಮುಂಬಯಿಯ ಭಾರತ್ ಪೆಟ್ರೋಲಿಯಮ್ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಅವರ ಆಟವನ್ನು ಈ ನಗರದ ಹಾಕಿಪ್ರಿಯರು ಕಣ್ಣಾರೆ ಕಂಡಿದ್ದಾರೆ. ಇನ್ನು ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಕುಟುಂಬಗಳ ಹಾಕಿ ಹಬ್ಬದಲ್ಲಿ ಹಿರಿಯರೂ ಕಿರಿಯರೂ ಒಂದೇ ತಂಡದಲ್ಲಿ ಆಡುವರು. ಯಾರನ್ನೂ ಬೇಗನೆ ಹೊರಗಿಡದಿರುವುದೇ ಆ ಹಬ್ಬದ ದೊಡ್ಡ ಪಾಠ.

ಪಾಲಕರ ಕರ್ತವ್ಯ

ಮೂರು ತಿಂಗಳಿಗೊಮ್ಮೆ, ದಿನದ ಒಂದೇ ಹೊತ್ತಿನಲ್ಲಿ, ಬರಿಗಾಲಿನಲ್ಲಿ ನಿಲ್ಲಿಸಿ ಮಗುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ ದಿನಾಂಕ ಬರೆಯಬೇಕು. ವರ್ಷಕ್ಕೆ 7 ಸೆಂಟಿಮೀಟರಿಗಿಂತ ಹೆಚ್ಚಿನ ವೇಗ ಕಂಡರೆ ಅದು ಬೆಳವಣಿಗೆಯ ಮಹಾಪೂರ; ಆಗ ಶ್ರಮ ತಗ್ಗಿಸಿ, ನೈಪುಣ್ಯದ ಅಭ್ಯಾಸವನ್ನು ಹೆಚ್ಚಿಸುವುದು ಲೇಸು. ಎತ್ತರ ಏರದೆ ನಿಂತಿದ್ದರೆ ಅಥವಾ ಹದಿನಾಲ್ಕು ತುಂಬಿದರೂ ಬಾಲಕನಲ್ಲಿ ಪ್ರೌಢತೆಯ ಯಾವ ಚಿಹ್ನೆಯೂ ಕಾಣದಿದ್ದರೆ ಮಕ್ಕಳ ವೈದ್ಯರ ಸಲಹೆ ಪಡೆಯಬೇಕು. ಮೊಣಕಾಲಿನ ಕೆಳಗಿನ ಪ್ಯಾಡು, ಹಲ್ಲುಗಳ ರಕ್ಷಾಕವಚ ಇವಿಲ್ಲದೆ ಮೈದಾನಕ್ಕಿಳಿಸಬಾರದು. ಪಂದ್ಯ ಮುಗಿದ ಮೇಲೆ ಎಷ್ಟು ಗೋಲು ಹೊಡೆದೆ ಎಂದು ಕೇಳುವ ಬದಲು ಎಷ್ಟು ಚೆಂಡು ತಡೆದೆ ಎಂದು ಕೇಳಬೇಕು.

ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲದ ಎಲ್ಲ ಮಕ್ಕಳೂ ಖಾರಾ ಆಗುವುದಿಲ್ಲ, ಆಗಬೇಕಾದುದೂ ಇಲ್ಲ. ಆದರೆ ದೇಹ ಮಾಗುವ ಮುನ್ನವೇ ಆಟವನ್ನು ಬಿಡಿಸಿದರೆ ಆ ಮಗು ಪದಕದ ಜೊತೆಗೆ ಗಟ್ಟಿ ಎಲುಬು, ಒಳ್ಳೆಯ ಉಸಿರು ಮತ್ತು ಸೋಲನ್ನು ತಾಳುವ ಮನಸ್ಸನ್ನೂ ಕಳೆದುಕೊಳ್ಳುತ್ತದೆ. ಹಲಸಿನ ಮರವೂ ಕೆಸುವಿನ ಗಿಡವೂ ಒಂದೇ ಮಳೆಯಲ್ಲಿ ನೆನೆಯುತ್ತವೆ. ಎರಡರ ಫಲಕಾಲ ಬೇರೆ ಬೇರೆ.