ಕ್ರಯಪತ್ರದ ಹೆಬ್ಬೆಟ್ಟು ಕಳ್ಳರ ಕೈಗೆ ಸಿಕ್ಕರೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಸೈಟು ಕೊಂಡವರು ಸಂಡೂರಿನ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆರಳಚ್ಚು ಕೊಡದೆ ನೋಂದಣಿ ಮುಗಿಯುವುದಿಲ್ಲ. ಸರ್ಕಾರದ ಮೇಲೆ ನಂಬಿಕೆ ಇಟ್ಟು ಕೊಟ್ಟ ಆ ಗುರುತು 2023ರಲ್ಲಿ ರಾಜ್ಯದ ಹಲವರಿಗೆ ಮುಳುವಾಯಿತು. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ತಾಣದಿಂದ ಕ್ರಯಪತ್ರದ ಪ್ರತಿಗಳನ್ನು ಇಳಿಸಿಕೊಂಡ ವಂಚಕರು ಅವುಗಳಲ್ಲಿದ್ದ ಬೆರಳಚ್ಚಿನ ನಕಲು ತಯಾರಿಸಿ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯಲ್ಲಿ ಖಾತೆಗಳಿಗೆ ಕೈಹಾಕಿದರು. ಅದಕ್ಕೆ ಒಟಿಪಿಯೂ ಬೇಡ, ಕಾರ್ಡೂ ಬೇಡ. ಆ ಅಕ್ಟೋಬರ್‌ನಲ್ಲಿ ಮಂಗಳೂರು ಪೊಲೀಸರು ಬಿಹಾರದ ಆರೋಪಿಗಳನ್ನು ಬಂಧಿಸಿದರು. ಪತ್ರಗಳಲ್ಲಿನ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ಮರೆಮಾಡುವ ಕೆಲಸಕ್ಕೆ ಇಲಾಖೆ ಕೈಹಾಕಿದ್ದು ಇದೆಲ್ಲ ಬಯಲಾದ ಮೇಲೆ.

ಹೀಗೆ ಹಣ ಹೋದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುನ್ನ ತಡೆಯಲು ಇರುವ ದಾರಿ ಇದೇ. ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ಸೀಲು ಹಾಕಿಸಿದ ಸ್ವೀಕೃತಿ ಪ್ರತಿ ಪಡೆಯಿರಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಇಲ್ಲಿ ನಿಮ್ಮ ಪರ ನಿಲ್ಲುತ್ತದೆ. ತಪ್ಪು ಗ್ರಾಹಕರದ್ದೂ ಬ್ಯಾಂಕಿನದ್ದೂ ಅಲ್ಲದೆ ಬೇರೆಡೆ ಇದ್ದು, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರು ಒಂದು ಪೈಸೆಯೂ ಹೊರಬೇಕಿಲ್ಲ. ಬ್ಯಾಂಕು ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು. ಗ್ರಾಹಕರದೇ ತಪ್ಪು ಎನ್ನುವುದಾದರೆ ಅದನ್ನು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ‘ನಿಮ್ಮ ಬೆರಳಚ್ಚೇ ಹೊಂದಿದೆ, ನಾವೇನು ಮಾಡೋಣ’ ಎಂದರೆ ಒಪ್ಪಬೇಡಿ. 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಶುಲ್ಕವಿಲ್ಲ.

ಆಧಾರ್ ತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಬೆರಳಚ್ಚು ಯಾವಾಗ, ಯಾವ ಸಂಸ್ಥೆಯ ಮೂಲಕ ಬಳಕೆಯಾಯಿತು ಎಂಬ ವಿವರವೂ ಅಲ್ಲೇ ಸಿಗುತ್ತದೆ, ಅದನ್ನು ಮುದ್ರಿಸಿಟ್ಟುಕೊಳ್ಳಿ. ನೀವು ಪಾಳಿಯಲ್ಲಿದ್ದ ಹೊತ್ತಿಗೆ ದೂರದ ಊರಲ್ಲಿ ನಿಮ್ಮ ಹೆಬ್ಬೆಟ್ಟು ಬಿದ್ದಿದ್ದರೆ ಕಾರ್ಖಾನೆಯ ಹಾಜರಿ ದಾಖಲೆಯೇ ಗಟ್ಟಿ ಸಾಕ್ಷಿ. ತೋರಣಗಲ್ಲು, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೂ, ಹೊಸಪೇಟೆ, ಹಂಪಿ ವಿಜಯನಗರಕ್ಕೂ ಸೇರಿವೆ. ಜಿಲ್ಲೆ ಬೇರೆಯೆಂದು ಪೊಲೀಸರು ‘ಇದು ನಮ್ಮ ಠಾಣೆಗೆ ಬರುವುದಿಲ್ಲ’ ಎಂದು ಅಲೆಸುವಂತಿಲ್ಲ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ನಿರಾಕರಿಸಿದರೆ ಎಸ್‌ಪಿಗೆ ಬರೆಯಿರಿ.

ಇನ್ನು ಮಾಹಿತಿ ಕಾಯದ ಇಲಾಖೆಯ ಹೊಣೆ. ಕಾನೂನು ಬಡವಾಗಿರುವುದು ಇಲ್ಲಿಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ನಿರ್ಲಕ್ಷ್ಯಕ್ಕೆ ಪರಿಹಾರ ಕೊಡಿಸುತ್ತದೆ, ಆದರೆ ಅದು ಕಂಪನಿ, ಸಂಸ್ಥೆಗಳಿಗೆ ಬರೆದ ಕಲಮು. ಸರ್ಕಾರಿ ಇಲಾಖೆಯನ್ನು ಅದರಡಿ ಹಿಡಿಯುವುದು ಕಷ್ಟ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಕಲಮೂ ರದ್ದಾಗುತ್ತದೆ. ಹೊಸ ಕಾಯ್ದೆಯಲ್ಲಿ ಸೋರಿಕೆಯಾದರೆ ಬಾಧಿತರಿಗೆ ತಿಳಿಸಬೇಕೆಂಬ ಕಟ್ಟಳೆ ಇದೆ, 250 ಕೋಟಿ ರೂಪಾಯಿವರೆಗೆ ದಂಡವಿದೆ. ದಂಡ ಹೋಗುವುದು ಮಾತ್ರ ಭಾರತದ ಸಂಚಿತ ನಿಧಿಗೆ. ನೊಂದವರಿಗೆ ಪರಿಹಾರ ಕೊಡಿಸುವ ಕಲಮೇ ಇಲ್ಲದಿರುವುದು ದೊಡ್ಡ ಅನ್ಯಾಯ.

ಉಳಿಯುವುದು ಸಂವಿಧಾನ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರ ಮೂಲಭೂತ ಹಕ್ಕು ಮುರಿದರೆ ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಬಹುದು ಎಂಬುದು 1993ರ ನೀಲಬತಿ ಬೆಹೆರಾ ತೀರ್ಪು. ಅದು ಪೊಲೀಸ್ ವಶದಲ್ಲಿನ ಸಾವಿನ ಪ್ರಕರಣ, ಮಾಹಿತಿ ಸೋರಿಕೆಗೆ ಆ ತತ್ವವನ್ನು ಒಯ್ಯಲು ವಕೀಲರು ಗಟ್ಟಿಯಾಗಿ ವಾದಿಸಬೇಕಾಗುತ್ತದೆ. ರಿಟ್ ಹಾಕಲು ನಮ್ಮ ಭಾಗದವರಿಗೆ ಹೈಕೋರ್ಟಿನ ಧಾರವಾಡ ಪೀಠ. ಸಿವಿಲ್ ದಾವೆಯಾದರೆ ಸಾಮಾನ್ಯವಾಗಿ ಎರಡು ತಿಂಗಳ ಮುಂಚೆ ಸರ್ಕಾರಕ್ಕೆ ನೋಟಿಸು ಕೊಡಬೇಕು.

ವಕೀಲರ ಖರ್ಚಿಗೆ ಹೆದರಿ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಪರಿಶಿಷ್ಟರ ಜೊತೆಗೆ ಕೈಗಾರಿಕಾ ಕಾರ್ಮಿಕರಿಗೂ ಆದಾಯ ನೋಡದೆ ಉಚಿತ ನೆರವಿದೆ. ತೋರಣಗಲ್ಲಿನಲ್ಲಿ ಇದು ಎಷ್ಟೋ ಮನೆಗಳಿಗೆ ಅನ್ವಯಿಸುವ ಮಾತು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಬಳ್ಳಾರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಪಾಸ್‌ಬುಕ್, ಬ್ಯಾಂಕಿನ ಸ್ವೀಕೃತಿ, ಎಫ್‌ಐಆರ್ ಪ್ರತಿ, ಕ್ರಯಪತ್ರ ಹಿಡಿದು ಹೋಗಿ.